ಮಂಗಳವಾರ ಐದೂವರೆಯ ಮೈತ್ರಿ ಮೇಡಂ

ಜಲಜಾಕ್ಷಿಗೆ ಎರಡು ಸ್ವರಗಳಿದ್ದವು, ಕೆಳಗಿನ ಮನೆಗೊಂದು, ಮೇಲಿನ ಕೋಣೆಗೊಂದು. ಕೆಳಗಿನ ಸ್ವರ ಅಡುಗೆಮನೆಯಿಂದ ಹೊರಟರೆ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಹೊರಟವರಿಗೂ ಆ ಮನೆಯಲ್ಲಿ ಇವತ್ತು ಮೀನುಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗೊತ್ತಾಗುತ್ತಿತ್ತು. ಮೇಲಿನ ಸ್ವರ ಮಾತ್ರ, ದೇವರೇ, ಜೇನಿನಲ್ಲಿ ಅದ್ದಿ ತೆಗೆದದ್ದು. ಸಂಜೆಯಾದರೆ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ನಮಸ್ಕಾರ, ನಾನು ಮೈತ್ರಿ. ಇದು ನಿಮ್ಮದೇ ಜಾಗ. ಇಲ್ಲಿ ನಿಮ್ಮ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ" ಎಂದು ಅವಳು ಶುರು ಮಾಡಿದರೆ ಕೆಳಗೆ ಕುಳಿತ ತಾಯಿ ದೇಯಿ ಕಿವಿ ನಿಮಿರಿಸುತ್ತಿದ್ದಳು. ಮುದುಕಿಗೆ ಎಪ್ಪತ್ತು ದಾಟಿದರೂ ನಾಲಿಗೆ ಮೊಂಡಾಗಿರಲಿಲ್ಲ. ಒಂದು ದಿನ ಮಗಳನ್ನೇ ಕೇಳಿದಳು: "ಮೇಲೆ ಮಾತಾಡುವ ಆ ಹೆಂಗಸು ಯಾರು ಮಗಾ? ಒಳ್ಳೆಯವಳ ಹಾಗೆ ಕಾಣ್ತದೆ. ಒಮ್ಮೆ ಊಟಕ್ಕೆ ಕೆಳಗೆ ಕರಿ."

ಜಲಜಾಕ್ಷಿ ಆನ್‌ಲೈನ್ ಕೌನ್ಸೆಲರ್. ಅದಕ್ಕೆ ಮೊದಲು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ಇಡೀ ಕ್ಲಾಸಿನ ಬಾಯಿ ಮುಚ್ಚಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕುಳಿತು ಆರು ತಿಂಗಳ ಯಾವುದೋ ಕೋರ್ಸು ಮಾಡಿದಳು. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ದೇವರ ಫೋಟೋದ ಪಕ್ಕದಲ್ಲಿ ತೂಗಿದಳು, ದೇವರಿಗಿಂತ ಒಂದು ಗೇಣು ಮೇಲೆ. ಟೀಚರ್ ಕೆಲಸ ಬಿಟ್ಟು ಬೆಂಗಳೂರಿನ ಒಂದು ಆ್ಯಪ್ ಕಂಪನಿಗೆ ಸೇರಿ, ಅಲ್ಲಿಗೆಂದು ಮೈತ್ರಿ ಎಂಬ ಹೆಸರಿಟ್ಟುಕೊಂಡಳು. ಸ್ಟ್ರೆಸ್ಸು, ಆತಂಕ, ಗಂಡ-ಹೆಂಡತಿ ಜಗಳ, ಅತ್ತೆ-ಸೊಸೆ ಜಗಳ, ಯಾವುದಾದರೂ ಸರಿ, ಮುಕ್ಕಾಲು ಗಂಟೆಯಲ್ಲಿ ಮೈತ್ರಿ ಮೇಡಂ ಪರಿಹಾರ ಕೊಡುತ್ತಿದ್ದರು. ಇವಳ ಗಂಡ ಮಾತ್ರ ಮದುವೆಯಾದಾಗಿನಿಂದ ಮಸ್ಕತ್ತಿನಲ್ಲಿ. ವರ್ಷಕ್ಕೊಮ್ಮೆ ಬಂದು, ಎರಡು ವಾರ ಇದ್ದು, ರಜೆ ಮುಗಿಯುವ ಮೊದಲೇ ಸೂಟ್‌ಕೇಸು ಕಟ್ಟುತ್ತಿದ್ದ. ಆ ಸಂಸಾರಕ್ಕೆ ಕೌನ್ಸೆಲಿಂಗ್ ಬೇಕಾಗಲಿಲ್ಲ, ದೂರವೇ ಮದ್ದಾಗಿತ್ತು.

ಮನೆ ಅವಳದ್ದೇ. ತುಳುವರ ಅಳಿಯಕಟ್ಟಿನಲ್ಲಿ ಮನೆಯೂ ದೈವವೂ ಹೆಣ್ಣುಮಕ್ಕಳ ದಾರಿಯಲ್ಲಿ ಹೋಗುತ್ತವೆ. ಮಗನ ಹೆಂಡತಿ ಎಷ್ಟು ವರ್ಷ ಅನ್ನ ಬೇಯಿಸಿ ಹಾಕಿದರೂ ಬೇರೆ ಕುಟುಂಬದವಳು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು ಎನ್ನಬಹುದು ನೀವು. ಕಾನೂನು ಬದಲಾದದ್ದು ಕೋರ್ಟಿನಲ್ಲಿ, ಜಲಜಾಕ್ಷಿಯ ಅಡುಗೆಮನೆಯಲ್ಲಲ್ಲ. ತಮ್ಮ ಮೋಕ್ಷಿತ್ ಅವಳಿಗಿಂತ ಬಹಳ ಚಿಕ್ಕವ, ಅವಳೇ ಎತ್ತಿ ಆಡಿಸಿ ಬೆಳೆಸಿದವ, ನಂತೂರಿನ ಹತ್ತಿರ ಕಾರಿನ ಶೋರೂಮಿನಲ್ಲಿ ಕೆಲಸ. ಶೋರೂಮಿಗೆ ಬಂದವರಿಗೆ ಬೇಡದ ಕಾರನ್ನೂ ಕಟ್ಟುವಷ್ಟು ಮಾತುಗಾರ. ಅಕ್ಕ ಎದುರು ಬಂದರೆ ನಾಲಿಗೆ ಗಂಟಲಿಗೆ ಇಳಿಯುತ್ತಿತ್ತು. ಅವನ ಹೆಂಡತಿ ದೀಕ್ಷಿತಾ ಫಳ್ನೀರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮದುವೆಯಾಗಿ ಬಂದ ಏಳು ವರ್ಷದಲ್ಲಿ ಆ ಹುಡುಗಿಯ ಬಾಯಿಂದ ಜಲಜಾಕ್ಷಿ ಕೇಳಿದ್ದು ಎರಡೇ ಶಬ್ದ: "ಆವು ಅಕ್ಕ." ತುಳುವಿನಲ್ಲಿ ಹಾಗೆಂದರೆ ಆಗಲಿ ಅಕ್ಕ. ಬಾಗಿಲ ಪರದೆಯ ಬಣ್ಣ ಅಕ್ಕ ಹೇಳಿದ್ದು, ಆವು ಅಕ್ಕ. ಮೀನಿನ ಯಾವ ತುಂಡು ಯಾರ ಬಟ್ಟಲಿಗೆ ಎಂಬುದು ಅಕ್ಕ ಹೇಳಿದ್ದು, ಆವು ಅಕ್ಕ. ಮೂರನೆಯ ಶಬ್ದ ಬರುವ ಮೊದಲೇ ಅಕ್ಕ ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದಳು.

ಸಂಜೆ ಸೆಷನ್ ನಡೆಯುವಾಗ ಇಡೀ ಮನೆ ಉಸಿರು ಬಿಗಿ ಹಿಡಿಯಬೇಕು. ಮಿಕ್ಸಿ ತಿರುಗಿಸಬಾರದು, ಟಿವಿ ಹಾಕಬಾರದು, ಕುಕ್ಕರ್ ಇಡಬಾರದು. ಒಮ್ಮೆ ದೀಕ್ಷಿತಾ ಮರೆತು ಬೇಳೆಗೆ ಇಟ್ಟು, ಅದು ಸೀಟಿ ಹೊಡೆದು, ಮೇಲೆ ಯಾರದೋ ಕಣ್ಣೀರಿನ ಮಧ್ಯೆ ಹೊಕ್ಕಿತು. ಆ ದಿನ ಮೈತ್ರಿ ಮೇಡಂ ಮೆಟ್ಟಿಲಿಳಿದು ಬರುವಷ್ಟರಲ್ಲಿ ಜಲಜಾಕ್ಷಿಯಾಗಿದ್ದಳು. ಮನಸ್ಸಿನ ಶಾಂತಿಯ ಬಗ್ಗೆ ಅವಳು ಅಡುಗೆಮನೆಯಲ್ಲಿ ನಿಂತು ಕೊಟ್ಟ ಭಾಷಣ ಪಕ್ಕದ ಮನೆಯವರಿಗೂ ಉಪಯೋಗವಾಗುವಷ್ಟು ದೊಡ್ಡದಿತ್ತು.

ಹೀಗಿರುವಾಗ ಮಂಗಳವಾರದ ಐದೂವರೆಗೆ ಒಬ್ಬಳು ಹೊಸ ಕ್ಲೈಂಟ್ ಬಂದಳು. ಕೃತಿ ಎಂದು ಹೆಸರು. ಆ್ಯಪಿನಲ್ಲಿ ಯಾರೂ ನಿಜವಾದ ಹೆಸರು ಹೇಳಬೇಕಾಗಿಲ್ಲ, ಮುಖ ತೋರಿಸಬೇಕಾಗಿಲ್ಲ, ಸ್ವರ ಮಾತ್ರ. ಯಾರಿಗೆ ಯಾವ ಕೌನ್ಸೆಲರ್ ಎಂದು ಆ್ಯಪೇ ಗೊತ್ತು ಮಾಡುತ್ತಿತ್ತು. ಕನ್ನಡದಲ್ಲಿ ಮಾತಾಡುವವರು ಕಂಪನಿಯಲ್ಲಿ ಬೆರಳೆಣಿಕೆಯಷ್ಟೇ ಇದ್ದದ್ದರಿಂದ ಈ ಕಡೆಯವರೆಲ್ಲ ತಿರುಗಿ ಇವಳ ಹತ್ತಿರವೇ ಬೀಳುತ್ತಿದ್ದರು. "ನಮಸ್ಕಾರ, ನಾನು ಮೈತ್ರಿ" ಎಂದಾಗ ಆ ಕಡೆ ತುಂಬ ಹೊತ್ತು ಸದ್ದೇ ಇರಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಳ್ಳುವಷ್ಟರಲ್ಲಿ, "ಹೂಂ... ಇದ್ದೇನೆ ಮೇಡಂ" ಎಂದು ಸಣ್ಣ ಸ್ವರ ಬಂತು.

ಇಲ್ಲಿ ಕಂಪನಿಯ ಒಂದು ಏರ್ಪಾಡಿನ ಬಗ್ಗೆ ಹೇಳಬೇಕು. ಕೌನ್ಸೆಲರ್ ಎಷ್ಟು ಹೊತ್ತು ಮಾತಾಡಿದಳು, ಕ್ಲೈಂಟ್ ಎಷ್ಟು ಹೊತ್ತು ಮಾತಾಡಿದಳು ಎಂದು ಆ್ಯಪೇ ಅಳೆಯುತ್ತಿತ್ತು. ಕೌನ್ಸೆಲರ್ ಬಾಯಿ ಹೆಚ್ಚು ಓಡಿದರೆ ಅವಳ ಹೆಸರಿನ ಮುಂದೆ ಕೆಂಪು ಚುಕ್ಕೆ ಬೀಳುತ್ತಿತ್ತು. ಶುರುವಿನ ದಿನಗಳಲ್ಲಿ ಜಲಜಾಕ್ಷಿಯ ಹೆಸರಿನ ಮುಂದೆ ಸೀತಾಳೆ ಸಿಡುಬು ಬಂದವರ ಹಾಗೆ ಚುಕ್ಕೆಗಳು. ಕಂಪನಿಯವರು ಎಚ್ಚರಿಕೆ ಕೊಟ್ಟ ಮೇಲೆ ಅವಳು ಒಂದು ಸಕ್ಕರೆ ಮಿಠಾಯಿ ಬಾಯಿಗೆ ಹಾಕಿಕೊಂಡು ಕೂರುವುದು ಕಲಿತಳು. ಅದು ಕರಗುವಷ್ಟರಲ್ಲಿ ಕ್ಲೈಂಟ್ ಮಾತಾಡಿಯಾಗುತ್ತಿತ್ತು. ಜನ ಅದನ್ನು ತಾಳ್ಮೆ ಎಂದು ತಿಳಿದು ಹೊಗಳುತ್ತಿದ್ದರು.

ಕೃತಿ ಮೊದಲ ದಿನ ನಿದ್ದೆ ಬರುವುದಿಲ್ಲ ಎಂದಳು. ಎರಡನೆಯ ಮಂಗಳವಾರ ಎದೆ ಡವಡವ ಎನ್ನುತ್ತದೆ ಎಂದಳು. ಯಾವಾಗ ಎಂದು ಕೇಳಿದರೆ, ಗಂಡನ ಅಕ್ಕನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದಾಗ ಎಂದಳು. ಆ ಮನೆಯಲ್ಲಿ ನಾದಿನಿಯದ್ದೇ ಯಜಮಾನಿಕೆಯಂತೆ. ಈ ಹುಡುಗಿ ತಂದ ಸೀರೆಯನ್ನು ಅವಳು ನೋಡಿ ಒಪ್ಪಬೇಕು, ಈ ಹುಡುಗಿ ತವರಿಗೆ ಹೋಗುವ ದಿನವನ್ನು ಅವಳು ಗೊತ್ತು ಮಾಡಬೇಕು. ಗಂಡ ಒಳ್ಳೆಯವನೇ, ಆದರೆ ಅಕ್ಕನ ಎದುರು ಮೂಕ.

ಜಲಜಾಕ್ಷಿಗೆ ಮಿಠಾಯಿ ಬಾಯಲ್ಲೇ ನಿಂತಿತು. ಎಂಥ ಹೆಂಗಸಪ್ಪ ಇವಳು ಎಂದು ಅವಳ ರಕ್ತ ಕುದಿಯಿತು. ನಗಬೇಡಿ, ನಿಜವಾಗಿಯೂ ಕುದಿಯಿತು. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಒಂದೇ ಸೂರಿನ ಕೆಳಗೆ ಏಳು ವರ್ಷ ಇದ್ದ ಹುಡುಗಿಯ ಸ್ವರ ಗುರುತಾಗಲಿಲ್ಲವೇ ಎಂದು ಕೇಳುತ್ತೀರಲ್ಲ, ಹೇಗೆ ಗುರುತಾಗಬೇಕು? ಮನೆಯಲ್ಲಿ ಮಾತೆಲ್ಲ ತುಳು, ಅದರಲ್ಲೂ ಅವಳ ಪಾಲಿಗೆ ಎರಡು ಶಬ್ದ. ಇಲ್ಲಿ ಕನ್ನಡದಲ್ಲಿ, ಸಾಲು ಸಾಲಾಗಿ, ನಿಲ್ಲಿಸಿ ನಿಲ್ಲಿಸಿ ಮಾತಾಡುವ ಹೆಂಗಸನ್ನು ಜಲಜಾಕ್ಷಿ ಜನ್ಮದಲ್ಲಿ ಕಂಡಿರಲಿಲ್ಲ.

ಬಾಯಿ ತೆರೆಯುವ ಸರದಿ ಬಂದಾಗ ಅವಳು ಕೆಂಪು ಚುಕ್ಕೆ ಬಿದ್ದರೂ ಬೀಳಲಿ ಎಂದು ಹೇಳಿಯೇಬಿಟ್ಟಳು: "ನೋಡಿ ಕೃತಿ, ತನ್ನ ಸಂಸಾರ ಖಾಲಿ ಇದ್ದವರು ಬೇರೆಯವರ ಸಂಸಾರದಲ್ಲಿ ಕುರ್ಚಿ ಹಾಕಿ ಕೂರ್ತಾರೆ. ಅಂಥವರಿಗೆ ನೀವು ಹೆದರಿದಷ್ಟು ಅವರ ಕುರ್ಚಿ ಗಟ್ಟಿಯಾಗ್ತದೆ."

ಆಮೇಲೆ ಕೃತಿ ಮೆಲ್ಲಗೆ, ಈ ಮಾತನ್ನು ಇನ್ನೊಮ್ಮೆ ಹೇಳುತ್ತೀರಾ ಮೇಡಂ ಎಂದಳು. ಮೇಡಂ ಸಂತೋಷದಿಂದ ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಚೆಂದ ಮಾಡಿ.

ಸೆಷನ್ ಮುಗಿಸಿ ಕೆಳಗಿಳಿದರೆ ದೀಕ್ಷಿತಾ ಇನ್ನೂ ಬಂದಿರಲಿಲ್ಲ. ಮಂಗಳವಾರ ಬಂದರೆ ಈ ಹುಡುಗಿಗೆ ಮನೆಯ ದಾರಿ ಮರೆತುಹೋಗುತ್ತದೆ ಎಂದು ಜಲಜಾಕ್ಷಿ ತಮ್ಮನ ಕಿವಿ ಊದಿದಳು. ಲ್ಯಾಬು ಐದಕ್ಕೆ ಮುಚ್ಚುತ್ತದೆ, ಇವಳು ಏಳಕ್ಕೆ ಬರುತ್ತಾಳೆ, ನಡುವೆ ಎಲ್ಲಿ ಹೋಗುತ್ತಾಳೆ, ಯಾರ ಹತ್ತಿರ ಮಾತಾಡುತ್ತಾಳೆ, ನೀನು ಗಂಡಸಾಗಿ ವಿಚಾರಿಸಬೇಡವೇ. ಮೋಕ್ಷಿತ್ ತಲೆ ಕೆಳಗೆ ಹಾಕಿ ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ನೋಡಿದ. ದೀಕ್ಷಿತಾ ಬಂದಾಗ ಬಾಗಿಲಲ್ಲೇ ತಡೆದು ಅಕ್ಕ ಹತ್ತು ಪ್ರಶ್ನೆ ಕೇಳಿದಳು, ಹತ್ತಕ್ಕೂ ತಾನೇ ಉತ್ತರ ಕೊಟ್ಟಳು, ಕೊನೆಗೆ ಇನ್ನು ಮುಂದೆ ಬೇಗ ಬರಬೇಕು ಎಂದಳು. "ಆವು ಅಕ್ಕ" ಎಂದು ದೀಕ್ಷಿತಾ ಒಳಗೆ ಹೋದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಜಲಜಾಕ್ಷಿಯನ್ನು ನೋಡಿಯೇ ಕಟ್ಟಿರಬೇಕು.

ಮೂರನೆಯ ಮಂಗಳವಾರ ಕೃತಿ ಅತ್ತಳು. ಸಿಟಿಯಲ್ಲಿ ಒಂದು ಸಣ್ಣ ಬಾಡಿಗೆ ಫ್ಲ್ಯಾಟ್ ನೋಡಿ ಇಟ್ಟಿದ್ದೇನೆ ಎಂದಳು. ಜಗಳ ಮಾಡಿಕೊಂಡು ಹೋಗುವುದಲ್ಲ, ಹಬ್ಬಕ್ಕೆ ಬರುತ್ತೇವೆ, ಅತ್ತೆಯನ್ನು ನೋಡಿಕೊಳ್ಳುತ್ತೇವೆ, ಆದರೆ ರಾತ್ರಿ ಬಾಗಿಲು ಹಾಕಿದರೆ ಒಳಗಿನದು ನಮ್ಮದು ಎನ್ನುವ ಹಾಗೆ ಒಂದು ಜಾಗ ಬೇಕು. ಗಂಡ ಅಕ್ಕನ ಹತ್ತಿರ ಕೇಳಿ ಹೇಳುತ್ತೇನೆ ಎನ್ನುತ್ತಾನೆ. ತಿಂಗಳುಗಳೇ ಆದವು, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

"ನನಗೆ ಇವರು ಬೇಕು ಮೇಡಂ," ಎಂದಳು. "ಇವರು ಒಟ್ಟಿಗೆ ಬಂದರೆ ಸಾಕು. ಬಾರದಿದ್ದರೆ ನಾನು ಅಮ್ಮನ ಮನೆಗೆ ಹೋಗ್ತೇನೆ. ಹೋದರೆ ಮತ್ತೆ ಬರುವುದಿಲ್ಲ. ಇನ್ನು ನನ್ನಿಂದ ಆಗುವುದಿಲ್ಲ."

ಒಂದು ಮದುವೆ ಒಡೆಯುವ ಹಂತದಲ್ಲಿದೆ ಎಂದು ಜಲಜಾಕ್ಷಿಗೆ ಅರ್ಥವಾಯಿತು, ಒಡೆಯುತ್ತಿರುವವಳು ಆ ನಾದಿನಿ ಎಂದೂ ಅರ್ಥವಾಯಿತು. ಇದನ್ನು ಉಳಿಸಿಯೇ ಸಿದ್ಧ ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೇಳಬೇಡಿ, ತಿಳಿಸಿ ಎಂದಳು. ಗಂಡ ಹೇಳಲಿ ಎಂದು ಕಾಯಬೇಡಿ, ಅಂಥ ಗಂಡಸರು ಹೇಳಿದ ದಿನ ಕಾಗೆ ಬಿಳಿಯಾಗುತ್ತದೆ. ಎಲ್ಲರೂ ಊಟಕ್ಕೆ ಕೂತಾಗ, ಸ್ವರ ಏರಿಸದೆ, ಎದ್ದು ನಿಂತು ಹೇಳಿ. ಅವಳು ಮಧ್ಯದಲ್ಲಿ ಬಾಯಿ ಹಾಕಿದರೆ, "ನಾನು ಮಾತು ಮುಗಿಸ್ತೇನೆ, ಮತ್ತೆ ನೀವು ಹೇಳಿ" ಎನ್ನಿ. ಈ ಒಂದು ವಾಕ್ಯ ಸಾಕು, ಅಂಥವರ ಹಲ್ಲು ಕೀಳಲು.

ಅಷ್ಟಕ್ಕೇ ಬಿಡಲಿಲ್ಲ. ಕೋರ್ಸಿನಲ್ಲಿ ಕಲಿತ ರೋಲ್ ಪ್ಲೇ ಎಂಬ ವಿದ್ಯೆ ನೆನಪಾಯಿತು. ನಾನೇ ನಿಮ್ಮ ನಾದಿನಿ ಎಂದುಕೊಳ್ಳಿ, ನನಗೆ ಎದುರು ಹೇಳಿ ಅಭ್ಯಾಸ ಮಾಡಿ ಎಂದಳು. ತಾನು ನಾದಿನಿಯಾಗಿ, ಎಂತ, ಬೇರೆ ಮನೆಯಾ, ಯಾರ ಹತ್ತಿರ ಕೇಳಿದ್ದು, ಈ ಮನೆಯಲ್ಲಿ ನಿನಗೆ ಎಂತ ಕಡಿಮೆಯಾಗಿದೆ, ಊರವರು ಎಂತ ಹೇಳಿಯಾರು ಎಂದು ಶುರು ಮಾಡಿದಳು. ಮಾತು ನೀರು ಹರಿದ ಹಾಗೆ ಬಂತು. ತನ್ನೊಳಗೆ ಇಷ್ಟು ದೊಡ್ಡ ನಟಿ ಇದ್ದಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೃತಿ ಮೊದಲು ತಡವರಿಸಿದಳು, ಮತ್ತೆ ತಡವರಿಸಿದಳು, ಆಮೇಲೆ ಹೇಳಿದಳು. ಕೊನೆಗೆ ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು.

"ತುಂಬ ಚೆನ್ನಾಗಿ ಮಾಡ್ತೀರಿ ಮೇಡಂ," ಎಂದಳು ಕೃತಿ. "ಅವರೇ ಎದುರು ನಿಂತ ಹಾಗೆ ಆಯ್ತು."

ಆ ಭಾನುವಾರ ಊಟಕ್ಕೆ ಬಂಗುಡೆ ಸಾರು, ಕೆಂಪಕ್ಕಿ ಅನ್ನ. ಎಲ್ಲರೂ ಮೇಜಿಗೆ ಕೂತಿದ್ದರು, ದೀಕ್ಷಿತಾ ಬಡಿಸುತ್ತಿದ್ದಳು. ಮೋಕ್ಷಿತ್ ಬೆಳಗ್ಗಿನಿಂದ ಒಂದು ಥರ ಇದ್ದ. ಅನ್ನ ಕಲಸುತ್ತ, "ಅಕ್ಕ, ಒಂದು ವಿಷಯ..." ಎಂದು ತೊಡಗಿದ. ಅಕ್ಕ ತಲೆ ಎತ್ತಿ ನೋಡಿದ್ದೇ ತಡ, ಬಂಗುಡೆ ಒಳ್ಳೆ ತಾಜಾ ಉಂಟು ಎಂದು ಮುಗಿಸಿದ. ದೇಯಿ ಮಗನನ್ನು ನೋಡಿ ಉಫ್ ಎಂದು ಸಾರಿಗೆ ಊದಿದಳು.

ಆಗ ದೀಕ್ಷಿತಾ ಸೌಟು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನೇರ ನಿಂತಳು. ಬಾಯಿ ತೆರೆದಾಗ ಬಂದದ್ದು ತುಳುವಲ್ಲ, ಕನ್ನಡ. ಪೇಪರು ಓದಲಿಕ್ಕೆ, ಟಿವಿ ನೋಡಲಿಕ್ಕೆ ಬಿಟ್ಟರೆ ಆ ಮನೆಯಲ್ಲಿ ಯಾರೂ ಒಬ್ಬರಿಗೊಬ್ಬರು ಆಡದ ಭಾಷೆ.

"ಅಕ್ಕ, ನನಗೆ ಒಂದು ವಿಷಯ ಹೇಳ್ಲಿಕ್ಕುಂಟು. ಕೇಳ್ಲಿಕ್ಕೆ ಅಲ್ಲ, ತಿಳಿಸ್ಲಿಕ್ಕೆ. ಫಳ್ನೀರಿನಲ್ಲಿ ಒಂದು ಬಾಡಿಗೆ ಫ್ಲ್ಯಾಟ್ ನೋಡಿದ್ದೇನೆ. ಮುಂದಿನ ತಿಂಗಳು ಹೋಗ್ತೇನೆ."

ಜಲಜಾಕ್ಷಿಯ ಕೈಯ ತುತ್ತು ಬಟ್ಟಲಿಗೆ ಬಿತ್ತು. ಎಂತ, ಬೇರೆ ಮನೆಯಾ, ಯಾರ ಹತ್ತಿರ ಕೇಳಿದ್ದು ಎಂದು ಅವಳ ಕೆಳಗಿನ ಸ್ವರ ಎದ್ದಿತು. ಈ ಮನೆಯಲ್ಲಿ ನಿನಗೆ ಎಂತ ಕಡಿಮೆಯಾಗಿದೆ ಎನ್ನುವವರೆಗೂ ಬಂದಿತು.

"ನಾನು ಮಾತು ಮುಗಿಸ್ತೇನೆ," ಎಂದಳು ದೀಕ್ಷಿತಾ, ಸ್ವರ ಏರಿಸದೆ. "ಮತ್ತೆ ನೀವು ಹೇಳಿ."

ಆ ವಾಕ್ಯ ಜಲಜಾಕ್ಷಿಯದೇ. ಆ ಸ್ವರ ಮಂಗಳವಾರದ ಐದೂವರೆಯದು. ಲ್ಯಾಬು ಮುಚ್ಚಿ ಮನೆ ಸೇರುವವರೆಗಿನ ಎರಡು ಗಂಟೆ ಈ ಹುಡುಗಿ ಎಲ್ಲಿ ಹೋಗುತ್ತಿದ್ದಳು, ಯಾರ ಹತ್ತಿರ ಮಾತಾಡುತ್ತಿದ್ದಳು ಎಂಬ ಪ್ರಶ್ನೆಗೆ ಉತ್ತರ ಈಗ ಸಿಕ್ಕಿತ್ತು, ಅದೂ ಬೇಡದ ಹೊತ್ತಿನಲ್ಲಿ.

"ಇವರು ಒಟ್ಟಿಗೆ ಬಂದರೆ ಇಬ್ಬರೂ ಹೋಗ್ತೇವೆ. ಬಾರದಿದ್ದರೆ ನಾನು ಒಬ್ಬಳೇ ಇವತ್ತೇ ಅಮ್ಮನ ಮನೆಗೆ ಹೋಗ್ತೇನೆ, ಮತ್ತೆ ಬರುವುದಿಲ್ಲ. ಆಯ್ತು. ನನ್ನ ಮಾತು ಮುಗೀತು. ಇನ್ನು ನೀವು ಹೇಳಿ ಅಕ್ಕ."

ಹೇಳುವುದು ಎಂತ, ಮಣ್ಣು? ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತನ್ನ ಸಂಸಾರ ಖಾಲಿ ಇದ್ದವರು ಎಂದು ತಾನೇ ಹೇಳಿದ್ದಳಲ್ಲ, ಅದನ್ನು ಎರಡು ಸಲ ಹೇಳಿದ್ದಳಲ್ಲ, ಎರಡನೆಯ ಸಲ ಚೆಂದ ಮಾಡಿ. ಮಸ್ಕತ್ತಿನವನ ಕಟ್ಟಿದ ಸೂಟ್‌ಕೇಸು ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಈಗ ಬೇಡ ಎಂದರೆ ಆ ನಾದಿನಿ ತಾನೇ ಎಂದು ಒಪ್ಪಿದ ಹಾಗೆ. ನನಗೆ ಮೋಸ ಮಾಡಿದೆ ಎಂದು ಬೊಬ್ಬೆ ಹಾಕಿದರೆ ಎಲ್ಲವನ್ನೂ ತಾಯಿಯ ಎದುರು, ತಮ್ಮನ ಎದುರು ಬಿಚ್ಚಬೇಕು. ದೀಕ್ಷಿತಾ ಕಣ್ಣು ತೆಗೆಯದೆ ಅವಳನ್ನೇ ನೋಡುತ್ತಿದ್ದಳು. ಬಾಗಿಲ ಹತ್ತಿರ ಒರಗಿಸಿದ ಅವಳ ಬಟ್ಟೆಯ ಚೀಲ ತುಂಬಿ ಸಿದ್ಧವಾಗಿತ್ತು. ಇದು ಬೆದರಿಕೆಯಲ್ಲ, ಈ ಹುಡುಗಿ ಹೊರಟೇ ಹೋಗುತ್ತಾಳೆ ಎಂದು ಜಲಜಾಕ್ಷಿಗಲ್ಲದೆ ಇನ್ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಅವಳು ಬಾಯಿ ತೆರೆದಳು. ಗಾಬರಿಗೆ ಬಾಯಲ್ಲಿ ಬಂದದ್ದು ಮೇಲಿನ ಸ್ವರ, ಜೇನಿನಲ್ಲಿ ಅದ್ದಿದ್ದು, ಅದೂ ಕನ್ನಡದಲ್ಲೇ: "ನಿಮಗೆ ಹಾಗೆ ಅನಿಸಿದರೆ... ಅದು ಸರಿಯೇ. ಇಬ್ಬರೂ ಹೋಗಿ."

ಮೋಕ್ಷಿತ್ ಬಾಯಿಗೆ ಒಯ್ದ ಕೈಯನ್ನು ಅಲ್ಲೇ ನಿಲ್ಲಿಸಿದ. ಆಮೇಲೆ ಕುರ್ಚಿ ಹಿಂದೆ ತಳ್ಳಿ ಎದ್ದು, ಎಂಜಲು ಕೈಯಲ್ಲೇ ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತ. ಅವನ ಪಾಲಿಗೆ ಅದೇ ದೊಡ್ಡ ಭಾಷಣ. ದೇಯಿ ಮಗಳ ಮುಖವನ್ನು ಒಮ್ಮೆ, ಮಹಡಿ ಮೆಟ್ಟಿಲನ್ನು ಒಮ್ಮೆ ನೋಡಿದಳು. "ಅಬ್ಬ, ಮೇಲಿನವಳು ಕಡೆಗೂ ಊಟಕ್ಕೆ ಬಂದಳು," ಎಂದು ಮೀನಿನ ಮುಳ್ಳು ಬಿಡಿಸಲು ಕೂತಳು.

ಜಲಜಾಕ್ಷಿ ಅಷ್ಟು ಸುಲಭಕ್ಕೆ ಸೋಲುವವಳೇ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆ ವಾರವೇ ನೆಂಟರಿಷ್ಟರಿಗೆಲ್ಲ ಫೋನು ಮಾಡಿ, ಮಕ್ಕಳನ್ನು ಬೇರೆ ಮನೆ ಮಾಡಿ ಎಂದು ನಾನೇ ಕಳಿಸಿದ್ದು, ಗಂಡ-ಹೆಂಡತಿಗೆ ಅವರದ್ದೇ ಒಂದು ಜಾಗ ಬೇಕಾಗುತ್ತದೆ, ನಾನು ಇದನ್ನೆಲ್ಲ ಕಲಿತವಳಲ್ಲವೇ ಎಂದು ಸಾರಿದಳು. ದೀಕ್ಷಿತಾ ಅದನ್ನು ಕೇಳಿಸಿಕೊಂಡೇ ಸಾಮಾನು ಕಟ್ಟತೊಡಗಿದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು, ಹೆಸರು ಯಾರದ್ದಾದರೆ ಎಂತ?

ಸಾಮಾನು ಸಾಗಿಸುವ ದಿನ ಮೋಕ್ಷಿತ್ ಅಂಗಳದಲ್ಲಿ ಟೆಂಪೋದವನ ಜೊತೆ ಕಪಾಟು ಏರಿಸುತ್ತಿದ್ದ. ದೀಕ್ಷಿತಾ ಅಡುಗೆಮನೆಯಲ್ಲಿ ತವರಿನಿಂದ ತಂದಿದ್ದ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಜಲಜಾಕ್ಷಿ ಬಾಗಿಲಿಗೆ ಬಂದು ನಿಂತಳು. ಆ ಭಾನುವಾರದಿಂದ ಕೇಳದೆ ಉಳಿದಿದ್ದ ಪ್ರಶ್ನೆ ಈಗ ಹೊರಬಂತು.

"ನಿನಗೆ ಯಾವಾಗ ಗೊತ್ತಾದದ್ದು, ಮೇಡಂ ನಾನೇ ಅಂತ?"

"ಮೊದಲ ದಿನವೇ. ನೀವು ನಮಸ್ಕಾರ ಹೇಳಿದಾಗಲೇ."

"ಮತ್ತೆ ಫೋನು ಇಡ್ಲಿಕ್ಕೆ ಆಗ್ಲಿಲ್ವ ನಿನಗೆ?"

ದೀಕ್ಷಿತಾ ಕೈಯಲ್ಲಿದ್ದ ಪಾತ್ರೆಯನ್ನು ಸೆರಗಿನಿಂದ ಒರೆಸಿದಳು. ಇಡಲಿಕ್ಕೆಂದೇ ಬೆರಳು ಒಯ್ದಿದ್ದೆ ಎಂದಳು. ಆದರೆ ಹೇಳಿ, ಕೇಳುತ್ತೇನೆ ಎಂದಿರಿ. ಹೇಳಿದೆ. ನೀವು ನಿಜವಾಗಿಯೂ ಕೇಳಿದಿರಿ.

"ಏಳು ವರ್ಷದಲ್ಲಿ ನನ್ನ ಒಂದು ಮಾತು ಮುಗಿಯುವವರೆಗೆ ನೀವು ಸುಮ್ಮನೆ ಇದ್ದದ್ದು ಅದೇ ಮೊದಲು ಅಕ್ಕ. ಅದಕ್ಕೆ ಕಟ್ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಪ್ರತೀ ಮಂಗಳವಾರ ಪಾರ್ಕಿನ ಬೆಂಚಿನಲ್ಲಿ ಕೂತು ಯೋಚಿಸ್ತಿದ್ದೆ, ಮನೆಯಲ್ಲಿಯೂ ಅಕ್ಕ ಒಮ್ಮೆ ಹೀಗೆ ಕೇಳಿದ್ದರೆ ನಾನು..."

"ನಾನು ಯಾವಾಗ ಕೇಳ್ಲಿಲ್ಲ?" ಎಂದಳು ಜಲಜಾಕ್ಷಿ. ಕೇಳದೆ ಇರುತ್ತಿದ್ದೆನೇ ಎಂದಳು. ನೀನು ಬಾಯಿ ಬಿಟ್ಟರೆ ತಾನೇ ಕೇಳುವುದು, ಬಾಯಿಗೆ ಬೀಗ ಹಾಕಿ ಕೂತವರ ಹೊಟ್ಟೆಯೊಳಗೆ ಇಳಿದು ನೋಡಲಿಕ್ಕಾಗುತ್ತದೆಯೇ, ನನಗೆ ಮನೆಯ ಕೆಲಸ, ಮೇಲಿನ ಕೆಲಸ, ಅಮ್ಮನ ಮದ್ದು, ಒಂದಾ ಎರಡಾ, ಅದರ ಮೇಲೆ ಆ ಪಾತ್ರೆಯನ್ನು ಹಾಗೆ ತುಂಬಿಸಬೇಡ, ನಗ್ಗಾಗುತ್ತದೆ, ಪೇಪರು ಸುತ್ತು.

ದೀಕ್ಷಿತಾ ನಕ್ಕಳು. ಸಿಟ್ಟಿನ ನಗುವಾಗಿರಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಆವು ಅಕ್ಕ," ಎಂದಳು, ತುಳುವಿನಲ್ಲಿ. ಪಾತ್ರೆಗೆ ಪೇಪರು ಸುತ್ತಿ, ಚೀಲ ಎತ್ತಿಕೊಂಡು, ಅತ್ತೆಯ ಕಾಲು ಮುಟ್ಟಿ, ಅಂಗಳಕ್ಕಿಳಿದು ಹೋದಳು. ಟೆಂಪೋ ಹೊರಟಿತು.

ಜಲಜಾಕ್ಷಿ ಅಡುಗೆಮನೆಯಲ್ಲೇ ನಿಂತಿದ್ದಳು. ಕೇಳಿದ್ದರೆ ನಾನು ಎಂದಿದ್ದಳು ಹುಡುಗಿ. ನಾನು ಎಂತ? ಹೋಗುತ್ತಿರಲಿಲ್ಲ ಎಂದಾ? ಅಳುತ್ತಿರಲಿಲ್ಲ ಎಂದಾ? ಉಳಿದರ್ಧ ಏನಿತ್ತು ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಹಿಂದಿನಿಂದ ಓಡಿಹೋಗಿ ಕೇಳೋಣವೆಂದರೆ ಮುಖವಿರಲಿಲ್ಲ. ಮೇಲೆ ಹೋಗಿ, ಬಾಗಿಲು ಹಾಕಿ, ಆ್ಯಪು ತೆರೆದು ಮುಂದಿನ ವಾರದ ಬುಕಿಂಗ್ ನೋಡಿದಳು. ಸೋಮವಾರ ತುಂಬಿತ್ತು, ಬುಧವಾರ ತುಂಬಿತ್ತು. ಮಂಗಳವಾರ ಐದೂವರೆ ಖಾಲಿ ಇತ್ತು.